ಸಿಟಿ ಹಾಲ್‌ನಲ್ಲಿ ಆದ ಮದುವೆಗೆ ಗೆಟ್ ಬೇಕೇ? ಯೆಹೂದಿ ಧರ್ಮಶಾಸ್ತ್ರದ ಕಣ್ಣಲ್ಲಿ ಸಿವಿಲ್ ಮದುವೆಯನ್ನು ತೂಗಿ ನೋಡುವ ಬಗೆ

ಪ್ಲಾಸ್ಟಿಕ್ ಕವರಿನೊಳಗಿದ್ದ ಮದುವೆಯ ಪ್ರಮಾಣಪತ್ರವನ್ನು ನನ್ನ ಮೇಜಿನ ಮೇಲಿಟ್ಟು ಆ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ: "ನಮ್ಮದು ಮ್ಯಾನ್‌ಹ್ಯಾಟನ್‌ನ ಸಿಟಿ ಕ್ಲರ್ಕ್ ಕಚೇರಿಯಲ್ಲಿ ಆದ ಮದುವೆ. ರಬ್ಬಿ ಇರಲಿಲ್ಲ, ಚಪ್ಪರ ಇರಲಿಲ್ಲ. ಈಗ ಡೈವೋರ್ಸ್ ಆಗ್ತಿದೆ. ನನಗೆ ಗೆಟ್ ಬೇಕಾಗುತ್ತಾ?" ರಬ್ಬಿ ಅಂದರೆ ಯೆಹೂದಿ ಧರ್ಮಗುರು. ಗೆಟ್ ಅಂದರೆ ಯೆಹೂದಿ ಧರ್ಮಶಾಸ್ತ್ರದಂತೆ ಗಂಡ ಹೆಂಡತಿಗೆ ಕೊಡುವ ಬಿಡುಗಡೆ ಪತ್ರ.

ನಾನು ಬ್ರೂಕ್ಲಿನ್‌ನ ಒಂದು ಪುಟ್ಟ ವಕೀಲರ ಕಚೇರಿಯಲ್ಲಿ ಪ್ಯಾರಾಲೀಗಲ್. ಕುಟುಂಬ ವ್ಯಾಜ್ಯಗಳ ಕಾಗದಪತ್ರ ಜೋಡಿಸುವುದು ನನ್ನ ಕೆಲಸ. ಆಗಿನ್ನೂ ಸೇರಿ ಎರಡನೇ ವರ್ಷ, ಎಲ್ಲ ಗೊತ್ತು ಅನ್ನುವ ಹುಮ್ಮಸ್ಸು. "ಧಾರ್ಮಿಕ ಮದುವೆಯೇ ಆಗಿಲ್ಲ ಅಂದಮೇಲೆ ಧಾರ್ಮಿಕ ಬಿಡುಗಡೆ ಎಲ್ಲಿಂದ ಬರುತ್ತೆ? ಬೇಡ" ಅಂದುಬಿಟ್ಟೆ. ಆಕೆಗೂ ಅದೇ ಬೇಕಿತ್ತು, ಖುಷಿಯಾಗಿ ಎದ್ದು ಹೋದರು.

ಒಂದೂವರೆ ವರ್ಷ ಕಳೆದ ಮೇಲೆ ಮತ್ತೆ ಬಂದರು. ಈ ಬಾರಿ ಮುಖದಲ್ಲಿ ಖುಷಿ ಇರಲಿಲ್ಲ. ಸಬ್ಬತ್, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿ ದಿನ, ಪಾಲಿಸುವ ಮನೆತನದ ಒಬ್ಬರ ಜೊತೆ ನಿಶ್ಚಿತಾರ್ಥವಾಗಿತ್ತು. ಅವರ ಕಡೆಯ ರಬ್ಬಿ ಕೇಳಿದ ಮೊದಲ ಮಾತೇ "ಹಿಂದಿನ ಮದುವೆಯ ಗೆಟ್ ಎಲ್ಲಿ?" ಎಂದು. ಹಿಂದಿನ ಗಂಡ ಅಷ್ಟರಲ್ಲಿ ಬೆಲ್ಜಿಯಂ ಸೇರಿದ್ದ, ಫೋನ್ ನಂಬರ್ ಬದಲಾಗಿತ್ತು. ಸಿವಿಲ್ ಡೈವೋರ್ಸಿನ ಕಾಗದಗಳಿಗೆ ಅವನು ಸಹಿ ಹಾಕುತ್ತಾ ಕೂತಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ಎಂಟು ತಿಂಗಳು ಹಿಡಿಯಿತು. ಅದು ಪೂರಾ ನನ್ನ ತಪ್ಪು.

ಈಚೆಗೆ ಇಲ್ಲಿನ ಪರಿಚಯದ ಕನ್ನಡಿಗರು ಮೂರು ಜನ ಇದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳಿದರು. ಒಬ್ಬರು ಯೆಹೂದಿ ಹುಡುಗನನ್ನು ಮದುವೆಯಾಗುವವರು, ಒಬ್ಬರು ಸಹೋದ್ಯೋಗಿಯ ಪರವಾಗಿ ವಿಚಾರಿಸಿದವರು, ಇನ್ನೊಬ್ಬರು ನನ್ನದೇ ಕೆಲಸಕ್ಕೆ ಹೊಸದಾಗಿ ಬಂದವರು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ. ನಾನು ಯೆಹೂದಿಯಲ್ಲ, ತೀರ್ಪು ಹೇಳುವ ಅಧಿಕಾರವೂ ನನಗಿಲ್ಲ. ತೀರ್ಪು ಕೊಡುವವರ ಮುಂದೆ ಯಾವ ಸಂಗತಿಗಳನ್ನು, ಯಾವ ಕ್ರಮದಲ್ಲಿ ಇಡಬೇಕು ಅನ್ನುವುದು ಮಾತ್ರ ಗೊತ್ತು.

ಮೊದಲು ಪ್ರಶ್ನೆಯನ್ನು ಎರಡಾಗಿ ಸೀಳಿ

"ಸಿವಿಲ್ ಮದುವೆ ಊರ್ಜಿತವೇ?" ಅಂತ ಕೇಳಿದರೆ ಹತ್ತು ರಬ್ಬಿಗಳಿಂದ ಹತ್ತು ಉತ್ತರ ಬಂದಂತೆ ಕಾಣುತ್ತದೆ. ಯಾಕೆಂದರೆ ಅದರೊಳಗೆ ಎರಡು ಪ್ರಶ್ನೆಗಳಿವೆ. ಒಂದು, ಹಲಾಖಾ ಅಂದರೆ ಯೆಹೂದಿ ಧರ್ಮಶಾಸ್ತ್ರ ಈ ಜೋಡಿಯನ್ನು ವಿಧಿವತ್ತಾಗಿ ಮದುವೆಯಾದವರು ಎಂದು ಒಪ್ಪುತ್ತದೆಯೇ? ಎರಡು, ಇವರು ಬೇರೆಯಾದರೆ ಆ ಹೆಣ್ಣು ಇನ್ನೊಬ್ಬನನ್ನು ಮದುವೆಯಾಗುವ ಮೊದಲು ಗೆಟ್ ಬೇಕೇ?

ಆರ್ಥೊಡಾಕ್ಸ್, ಅಂದರೆ ಸಂಪ್ರದಾಯನಿಷ್ಠ ಯೆಹೂದಿಗಳ ಲೋಕದಲ್ಲಿ ಮೊದಲನೆಯದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ "ಇಲ್ಲ, ಸರಿಯಾಗಿ ಮಾಡಿಕೊಳ್ಳಿ". ಎರಡನೆಯದಕ್ಕೆ ಸಿಗುವುದು "ಸಾಧ್ಯವಿದ್ದರೆ ತಗೊಳ್ಳಿ". ಮದುವೆ ಅನ್ನಲು ಸಾಲದ್ದು ಬಿಡುಗಡೆ ಕೇಳುವಷ್ಟು ಗಟ್ಟಿ ಹೇಗಾಯಿತು ಅಂತ ನನಗೂ ಮೊದಮೊದಲು ಸಿಟ್ಟು ಬರುತ್ತಿತ್ತು. ಲೆಕ್ಕ ಸರಳ. ಆಗದ ಮದುವೆಯನ್ನು ಆಗಿದೆ ಅಂದುಕೊಂಡು ಗೆಟ್ ಕೊಟ್ಟರೆ ಹೋಗುವುದು ಹೆಚ್ಚಿನವರಿಗೆ ಒಂದು ಮಧ್ಯಾಹ್ನ. ಆದ ಮದುವೆಯನ್ನು ಆಗಿಲ್ಲ ಅಂದುಕೊಂಡು ಬಿಟ್ಟರೆ ಆ ಹೆಣ್ಣು ಶಾಸ್ತ್ರದ ಲೆಕ್ಕದಲ್ಲಿ ಇನ್ನೂ ಮೊದಲನೆಯವನ ಹೆಂಡತಿ. ಎರಡನೆಯವನಿಂದ ಹುಟ್ಟಿದ ಮಗು ಮಮ್ಜೇರ್. ಯೆಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದ ಧರ್ಮೋಪದೇಶಕಾಂಡ ಅಂಥವರನ್ನು ಹತ್ತನೇ ತಲೆಮಾರಿನವರೆಗೂ ಸಭೆಯಿಂದ ಹೊರಗಿಡುತ್ತದೆ. ಅಂಥ ಮಗು ಬೆಳೆದ ಮೇಲೆ ಇನ್ನೊಬ್ಬ ಮಮ್ಜೇರ್‌ನನ್ನೋ ಮತಾಂತರಗೊಂಡು ಬಂದವರನ್ನೋ ಬಿಟ್ಟು ಸಮುದಾಯದೊಳಗೆ ಬೇರೆ ಯಾರನ್ನೂ ಮದುವೆಯಾಗುವಂತಿಲ್ಲ. ಮದುವೆಯಾಗದ ಹೆಣ್ಣಿಗೆ ಹುಟ್ಟಿದ ಮಗುವಿಗೆ ಈ ಹಣೆಪಟ್ಟಿ ಅಂಟುವುದಿಲ್ಲ ಅನ್ನುವುದನ್ನು ಗಮನಿಸಿ. ಕಳಂಕ ಇರುವುದು ಮದುವೆಯ ಹೊರಗೆ ಹುಟ್ಟಿದ್ದರಲ್ಲಿ ಅಲ್ಲ, ಮದುವೆಯಾದ ಹೆಣ್ಣಿಗೆ ಬೇರೆಯವನಿಂದ ಹುಟ್ಟಿದ್ದರಲ್ಲಿ.

ಈ ಭಯ ಬರೀ ಪುಸ್ತಕದ್ದಲ್ಲ. ಕೊಂಕಣ ತೀರದಿಂದ, ಮುಂಬೈನಿಂದ ಇಸ್ರೇಲಿಗೆ ಹೋದ ಬೆನೆ ಇಸ್ರೇಲ್ ಎಂಬ ಭಾರತೀಯ ಯೆಹೂದಿಗಳ ಹಿರಿಯರು ಶಾಸ್ತ್ರೋಕ್ತ ಗೆಟ್ ಇಲ್ಲದೆ ಮರುಮದುವೆ ಮಾಡಿಕೊಂಡಿರಬಹುದು ಅನ್ನುವ ಅನುಮಾನದ ಮೇಲೆ 1960ರ ದಶಕದ ಆರಂಭದಲ್ಲಿ ಅಲ್ಲಿನ ರಬ್ಬಿನೇಟ್, ಅಂದರೆ ರಬ್ಬಿಗಳ ಅಧಿಕೃತ ಆಡಳಿತ ಸಂಸ್ಥೆ, ಅವರ ವಂಶಾವಳಿ ಕೆದಕಲು ಹೊರಟಿತ್ತು. 1964ರಲ್ಲಿ ಅವರು ಬೀದಿಗಿಳಿದು ಪ್ರತಿಭಟಿಸಿದ ಮೇಲೆ ಆ ಸೂಚನೆಯನ್ನು ತಿದ್ದಬೇಕಾಯಿತು.

ಕೇಳಬೇಕಾದ ಮೊದಲ ಪ್ರಶ್ನೆ: ಇಬ್ಬರೂ ಯೆಹೂದಿಗಳೇ?

ಇದನ್ನು ಕೇಳದೆ ಮುಂದೆ ಹೋಗಬೇಡಿ. ಹಲಾಖಾ ಪ್ರಕಾರ ಯೆಹೂದಿ ಅಂದರೆ ತಾಯಿ ಯೆಹೂದಿಯಾಗಿರಬೇಕು, ಇಲ್ಲವೇ ಸ್ವತಃ ಶಾಸ್ತ್ರೋಕ್ತವಾಗಿ ಮತಾಂತರಗೊಂಡಿರಬೇಕು. ಇಬ್ಬರಲ್ಲಿ ಒಬ್ಬರು ಅಲ್ಲದಿದ್ದರೂ ಕಿದ್ದುಶೀನ್, ಅಂದರೆ ವಿವಾಹಬಂಧ, ಹುಟ್ಟುವುದೇ ಇಲ್ಲ. ಸಿಟಿ ಹಾಲ್‌ನಲ್ಲಾಗಲಿ, ರಬ್ಬಿಯೊಬ್ಬರು ಬಂದು ಚಪ್ಪರದಡಿ ನಿಂತು ಮಂತ್ರ ಹೇಳಿರಲಿ, ವ್ಯತ್ಯಾಸವಿಲ್ಲ. ಗೆಟ್ ಬೇಕಿಲ್ಲ. ಯೆಹೂದಿ ಹುಡುಗನನ್ನು ಮದುವೆಯಾಗಲಿದ್ದ ಆ ಕನ್ನಡತಿಗೆ ನಾನು ಹೇಳಿದ್ದು ಇಷ್ಟೇ: ನೀನು ಮತಾಂತರವಾಗದೆ ಮದುವೆಯಾದರೆ ನ್ಯೂಯಾರ್ಕ್ ರಾಜ್ಯದ ಲೆಕ್ಕದಲ್ಲಿ ಹೆಂಡತಿ, ಹಲಾಖಾದ ಲೆಕ್ಕದಲ್ಲಿ ಅಲ್ಲ. ಇದರಿಂದ ಬೇಜಾರಾಗುತ್ತದೋ ಇಲ್ಲವೋ ಅದು ನಿನ್ನ ಮತ್ತು ಅತ್ತೆಯ ನಡುವಿನ ವಿಷಯ.

ಅಪ್ಪ ಮಾತ್ರ ಯೆಹೂದಿಯಾಗಿದ್ದು ತಾನೂ ಯೆಹೂದಿ ಅಂದುಕೊಂಡೇ ಬೆಳೆದವರು ಬಹಳ ಜನ ಸಿಗುತ್ತಾರೆ. ಅವರಿಗೆ ಇದನ್ನು ಹೇಳುವಾಗ ದನಿ ಸ್ವಲ್ಪ ಮೆದುವಾಗಿರಲಿ.

ಆ ದಿನ ನಿಜವಾಗಿ ಏನು ನಡೆಯಿತು?

ಹಲಾಖಾದ ಹಳೆಯ ಸಂಕಲನವಾದ ಮಿಶ್ನಾದ ಕಿದ್ದುಶೀನ್ ಅಧ್ಯಾಯ ಶುರುವಾಗುವುದೇ ಈ ಮಾತಿನಿಂದ: ಹೆಣ್ಣು ಮೂರು ಬಗೆಯಲ್ಲಿ ಗಂಡನವಳಾಗುತ್ತಾಳೆ, ಎರಡು ಬಗೆಯಲ್ಲಿ ತನ್ನವಳಾಗುತ್ತಾಳೆ. ಆಗುವುದು ಹಣದಿಂದ, ಪತ್ರದಿಂದ, ಕೂಡುವುದರಿಂದ. ಬಿಡುಗಡೆಯಾಗುವುದು ಗೆಟ್‌ನಿಂದ ಅಥವಾ ಗಂಡನ ಸಾವಿನಿಂದ. ಹಣ ಎಷ್ಟು? ಆ ಕಾಲದ ವಿದ್ವಾಂಸರಲ್ಲಿ ಎರಡು ಪಂಥ. ಶಮ್ಮಾಯ್ ಪಂಥದವರು ಒಂದು ದಿನಾರ್, ಅಂದರೆ ಬೆಳ್ಳಿ ನಾಣ್ಯ, ಅಂದರು. ಹಿಲ್ಲೆಲ್ ಪಂಥದವರು ಒಂದು ಪೆರುಟಾ ಸಾಕು ಅಂದರು, ಅದು ತಾಮ್ರದ ಚಿಲ್ಲರೆ ಕಾಸು. ನಿಂತಿದ್ದು ಹಿಲ್ಲೆಲ್ ಪಂಥದ ಮಾತು. ಇವತ್ತಿನ ಉಂಗುರ ಆ ಕಾಸಿನ ಜಾಗದಲ್ಲಿ ಬಂದು ಕೂತದ್ದು.

ಉಂಗುರ ತೊಡಿಸುವಾಗ ಗಂಡು ಹೇಳುವ ಮಾತು "ಹರೆಯ್ ಅತ್ ಮೆಕುದೆಶೆತ್ ಲಿ ಬೆತಬಾತ್ ಜೊ ಕೆದಾತ್ ಮೋಶೆ ವೆಯಿಸ್ರಾಯೆಲ್" — ಮೋಶೆ ಮತ್ತು ಇಸ್ರಾಯೇಲರ ಕಟ್ಟಳೆಯಂತೆ ಈ ಉಂಗುರದಿಂದ ನೀನು ನನಗೆ ಮೀಸಲು. ಆದರೆ ಕಟ್ಟಡ ನಿಂತಿರುವುದು ಮಾತಿನ ಮೇಲಲ್ಲ, ಸಾಕ್ಷಿಗಳ ಮೇಲೆ. ಹಣದ ವ್ಯವಹಾರದಲ್ಲಿ ಸಾಕ್ಷಿಗಳು ಇರುವುದು ಆಮೇಲೆ ಜಗಳ ಬಂದರೆ ಹೇಳಲಿಕ್ಕೆ. ಮದುವೆಯಲ್ಲಿ ಹಾಗಲ್ಲ. ಇಬ್ಬರು ಅರ್ಹ ಸಾಕ್ಷಿಗಳಿಲ್ಲದೆ ಕೊಟ್ಟ ಉಂಗುರವನ್ನು ಗಂಡೂ ಹೆಣ್ಣೂ ಇಬ್ಬರೂ ಒಪ್ಪಿಕೊಂಡರೂ ಅದು ಕಿದ್ದುಶೀನ್ ಅಲ್ಲ. ಅರ್ಹರು ಅಂದರೆ ವಯಸ್ಸಿಗೆ ಬಂದ ಯೆಹೂದಿ ಗಂಡಸರು, ಸಬ್ಬತ್ ಪಾಲಿಸುವವರು, ವಧೂವರರಿಗಾಗಲಿ ಪರಸ್ಪರರಿಗಾಗಲಿ ಹತ್ತಿರದ ನೆಂಟರಲ್ಲದವರು.

ಈಗ ಪ್ರಮಾಣಪತ್ರ ತೆಗೆದು ನೋಡಿ. ನ್ಯೂಯಾರ್ಕ್ ನಗರದ ಕ್ಲರ್ಕ್ ಕಚೇರಿಗೆ ಒಬ್ಬ ಸಾಕ್ಷಿ ಇದ್ದರೆ ಸಾಕು. ಹಲಾಖಾಗೆ ಒಬ್ಬ ಅಂದರೆ ಶೂನ್ಯ. ಹಾಗಂತ ಕಾಗದ ನೋಡಿ ಮುಗಿಸಬೇಡಿ, ಫೋಟೋ ಕೇಳಿ. ಒಮ್ಮೆ ಒಂದು ಫೋಟೋದಲ್ಲಿ ವರ ಉಂಗುರ ತೊಡಿಸುತ್ತಿದ್ದಾನೆ, ಹಿಂದೆ ಕಿಪ್ಪಾ (ಯೆಹೂದಿ ಗಂಡಸರ ಪುಟ್ಟ ಟೋಪಿ) ಹಾಕಿದ ಇಬ್ಬರು ನಿಂತು ನಗುತ್ತಿದ್ದಾರೆ. ನನ್ನ ಎದೆ ಧಸಕ್ಕೆಂದಿತು. ಇಬ್ಬರು ಸಾಕ್ಷಿಗಳು, ಉಂಗುರ, ಒಪ್ಪಿಗೆ, ಎಲ್ಲ ಒಟ್ಟಿಗೇ! "ಯಾರಿವರು?" ಅಂದೆ. "ನನ್ನ ಮೈದುನಂದಿರು" ಅಂದರು ಆಕೆ. ವರನ ಒಡಹುಟ್ಟಿದವರು ಸಾಕ್ಷಿಗಳಾಗಲು ಅನರ್ಹರು. ಫೋಟೋವನ್ನು ಫೈಲಿಗೆ ಸೇರಿಸಿ, ಹಿಂಬದಿಯಲ್ಲಿ ಅವರ ಸಂಬಂಧ ಬರೆದಿಟ್ಟೆ.

ಇನ್ನೂ ಒಂದು ಪ್ರಶ್ನೆ ಇದೆ, ಎಲ್ಲರೂ ಮರೆಯುವುದು ಇದನ್ನೇ: ಸಿಟಿ ಹಾಲ್ ಆದ ಮೇಲೆ ಯಾವತ್ತಾದರೂ, ಎಲ್ಲಾದರೂ, ಚಿಕ್ಕದಾಗಿಯಾದರೂ ಧಾರ್ಮಿಕವಾಗಿ ಏನಾದರೂ ಆಗಿತ್ತೇ? ಒಬ್ಬ ಮಹಾಶಯರು ಮೂರು ಸಲ "ಇಲ್ಲ, ಬರೀ ಸಿವಿಲ್" ಅಂದರು. ನಾಲ್ಕನೇ ಸಲ ಹೆಂಡತಿ ಬಾಯಿ ಬಿಟ್ಟರು: "ಕ್ವೀನ್ಸ್‌ನಲ್ಲಿ ಅಜ್ಜಿ ಮನೆಯ ಹಾಲ್‌ನಲ್ಲಿ ಅವತ್ತು ಏನೋ ಮಾಡಿದ್ರಲ್ಲ..." ಅಜ್ಜಿ ಹಟ ಹಿಡಿದಿದ್ದಳಂತೆ. ಪಕ್ಕದ ಸಿನಗಾಗ್‌ನ, ಅಂದರೆ ಯೆಹೂದಿ ಪ್ರಾರ್ಥನಾಮಂದಿರದ, ರಬ್ಬಿ ಬಂದಿದ್ದರು, ಬೆಳಗಿನ ಪ್ರಾರ್ಥನೆಗೆ ಬಂದಿದ್ದ ಇಬ್ಬರನ್ನು ಕರೆತಂದಿದ್ದರು, ನಾಲ್ಕು ಕೋಲಿಗೆ ಪ್ರಾರ್ಥನೆಯ ಶಾಲು ಕಟ್ಟಿ ಹಿಡಿದಿದ್ದರು, ದ್ರಾಕ್ಷಾರಸ ಕುಡಿದು ಉಂಗುರ ತೊಡಿಸಿದ್ದರು. ಹತ್ತು ನಿಮಿಷ. "ಅದು ಅಜ್ಜಿ ಸಮಾಧಾನಕ್ಕೆ ಮಾಡಿದ್ದು, ಮದುವೆ ಅಂತ ನಾವು ಲೆಕ್ಕಕ್ಕೇ ತಗೊಂಡಿಲ್ಲ." ಅವರು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ಆದರೆ ಶಾಸ್ತ್ರ ತೆಗೆದುಕೊಳ್ಳುವ ಮದುವೆ ಅದೊಂದೇ. ಆ ಹತ್ತು ನಿಮಿಷಕ್ಕೆ ಗೆಟ್ ಬೇಕೇ ಬೇಕು, ಅದರಲ್ಲಿ ಯಾವ ವಾದವೂ ಇಲ್ಲ.

ಆಮೇಲೆ ಹೇಗೆ ಬದುಕಿದರು?

ಸಾಕ್ಷಿಗಳಿಲ್ಲ, ಉಂಗುರದ ವಿಧಿಯಿಲ್ಲ, ಅಜ್ಜಿಯ ಹಾಲ್ ಕೂಡ ಇಲ್ಲ ಅಂದುಕೊಳ್ಳೋಣ. ಆದರೂ ಅನುಮಾನ ಯಾಕೆ ಉಳಿಯುತ್ತದೆ? ಮೂರು ದಾರಿಗಳಲ್ಲಿ ಕೊನೆಯದು ನೆನಪಿದೆಯಲ್ಲ, ಕೂಡುವುದು. ವರ್ಷಗಟ್ಟಲೆ ಒಂದೇ ಮನೆಯಲ್ಲಿ ಊರಿಗೆಲ್ಲ ಗೊತ್ತಾಗುವಂತೆ ಗಂಡ-ಹೆಂಡತಿಯಾಗಿ ಬಾಳಿದ್ದೇ ಆ ದಾರಿಯ ಮದುವೆ ಆಗಿಬಿಟ್ಟಿತೇ?

ಇದರ ಮೂಲ ಒಂದು ಛತ್ರದ ಕಥೆ. ಮಿಶ್ನಾದ ಗಿಟ್ಟೀನ್ ಭಾಗದಲ್ಲಿ ಬರುತ್ತದೆ: ಒಬ್ಬ ಹೆಂಡತಿಗೆ ಗೆಟ್ ಕೊಟ್ಟ, ಆಮೇಲೆ ಇಬ್ಬರೂ ಒಂದು ಛತ್ರದಲ್ಲಿ ರಾತ್ರಿ ಕಳೆದರು. ಎರಡನೇ ಗೆಟ್ ಬೇಕೇ? ಶಮ್ಮಾಯ್ ಪಂಥ ಬೇಡ ಅಂತು, ಹಿಲ್ಲೆಲ್ ಪಂಥ ಬೇಕು ಅಂತು. ಹಿಲ್ಲೆಲ್ ಪಂಥದ ಹಿಂದಿನ ತರ್ಕವನ್ನು, ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ಒಂದು ಸಾಲಿನಲ್ಲಿ ಹೇಳುತ್ತದೆ: ಗಂಡಸು ತನ್ನ ಕೂಟವನ್ನು ಹಾದರವಾಗಲು ಬಿಡುವುದಿಲ್ಲ. ಅಂದರೆ, ಮದುವೆಯ ಮನಸ್ಸಿನಿಂದಲೇ ಕೂಡಿದ್ದಾನೆ ಅಂತ ಭಾವಿಸಬೇಕು.

ಈ ಒಂದು ಸಾಲನ್ನು ಎಷ್ಟು ದೂರ ಎಳೆಯಬಹುದು ಅನ್ನುವುದರ ಮೇಲೆ ಸಾವಿರ ವರ್ಷದ ಜಗಳ ನಡೆದಿದೆ. ಬ್ಯಾಬಿಲೋನಿನ ಗಾವೋನ್‌ಗಳಲ್ಲಿ, ಅಂದರೆ ಅಲ್ಲಿನ ವಿದ್ಯಾಪೀಠಗಳ ಮುಖ್ಯಸ್ಥರಲ್ಲಿ, ಕೆಲವರು ಅದನ್ನು ಎಲ್ಲ ಹೆಂಗಸರಿಗೂ ಹಬ್ಬಿಸಿದರು. ಹನ್ನೆರಡನೇ ಶತಮಾನದ ಧರ್ಮಶಾಸ್ತ್ರಜ್ಞ ರಂಬಾಮ್ (ಮೈಮೊನಿಡಿಸ್) ಇದು ದೂರದ ಮಾತು ಅಂತ ತಳ್ಳಿಹಾಕಿದರು. ಆ ಭಾವನೆ ತಾನು ಬಿಟ್ಟ ಹೆಂಡತಿಗೆ, ಷರತ್ತಿನ ಮೇಲೆ ಕಟ್ಟಿಕೊಂಡವಳಿಗೆ ಮಾತ್ರ ಸಲ್ಲುತ್ತದೆ, ಸಿಕ್ಕ ಜೋಡಿಗೆಲ್ಲ ಅಲ್ಲ ಅಂದರು. ಸ್ಪೇನ್‌ನಲ್ಲಿ 1391ರ ಹಿಂಸೆಯಲ್ಲಿ ಬಲವಂತದಿಂದ ಕ್ರೈಸ್ತರಾದವರ ಸಮಸ್ಯೆ ರಿವಾಶ್ ಎಂದು ಕರೆಯುವ ರಬ್ಬಿ ಯಿತ್ಸಾಕ್ ಬರ್ ಶೆಶೆತ್ ಅವರ ಮುಂದೆ ಬಂತು. ಮಯೋರ್ಕಾದ ಒಬ್ಬಳಿಗೆ ಪಾದ್ರಿಯ ಮುಂದೆ ಮದುವೆಯಾಗಿತ್ತು. ರಿವಾಶ್ ಅವಳಿಗೆ ಗೆಟ್ ಬೇಡ ಅಂದರು: ಕ್ರೈಸ್ತ ವಿಧಿಯನ್ನು ಆರಿಸಿಕೊಂಡದ್ದೇ ಮೋಶೆಯ ಕಟ್ಟಳೆಯ ಮದುವೆ ಅವರ ಮನಸ್ಸಿನಲ್ಲಿ ಇರಲಿಲ್ಲ ಅನ್ನುವುದಕ್ಕೆ ಸಾಕ್ಷಿ. ಸಿವಿಲ್ ಮದುವೆಯ ಬಗ್ಗೆ ಇವತ್ತು ಬರೆಯುವವರು ಈ ಉತ್ತರವನ್ನು ಮುಟ್ಟದೆ ಮುಂದೆ ಹೋಗುವುದಿಲ್ಲ.

ಸಿವಿಲ್ ಮದುವೆ ಅನ್ನುವುದೇ ಆಮೇಲೆ ಹುಟ್ಟಿದ್ದು. ಫ್ರಾನ್ಸ್‌ನಲ್ಲಿ 1792, ಜರ್ಮನಿಯಲ್ಲಿ 1875, ರಷ್ಯಾದಲ್ಲಿ ಕ್ರಾಂತಿಯಾದ ಕೂಡಲೇ 1917ರ ಡಿಸೆಂಬರ್. ಅಲ್ಲಿಂದ ಇದು ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. "ರಾಜ್ಯದ ಕಾನೂನೇ ಕಾನೂನು" ಅನ್ನುವ ತಾಲ್ಮುದ್ ಸೂತ್ರ ಇದೆಯಲ್ಲ ಅಂತ ಕೇಳುವವರಿದ್ದಾರೆ. ಅದು ತೆರಿಗೆಗೆ, ಆಸ್ತಿಗೆ, ಸಾಲಕ್ಕೆ. ಮದುವೆ-ಬಿಡುಗಡೆಯನ್ನು ಅದು ಮುಟ್ಟುವುದಿಲ್ಲ.

ಅಮೆರಿಕದಲ್ಲಿ ಈ ಜಗಳ ಇಬ್ಬರು ದೊಡ್ಡವರ ಹೆಸರಿನಲ್ಲಿ ನಿಂತಿದೆ, ಇಬ್ಬರೂ ನ್ಯೂಯಾರ್ಕ್‌ನಲ್ಲಿ ಬಾಳಿದವರೇ. ರಬ್ಬಿ ಯೋಸೆಫ್ ಎಲಿಯಾಹು ಹೆಂಕಿನ್ (1881–1973) ಅವರದು ಬಿಗಿ ನಿಲುವು: ಗಂಡ-ಹೆಂಡತಿಯಾಗಿ ಬಹಿರಂಗವಾಗಿ ಬಾಳಬೇಕು ಅನ್ನುವ ಮನಸ್ಸೇ ಕಿದ್ದುಶೀನ್‌ನ ಮನಸ್ಸು, ಊರಿಗೇ ಗೊತ್ತಿರುವುದೇ ಸಾಕ್ಷಿ. ಆದ್ದರಿಂದ ಸಿವಿಲ್ ಮದುವೆಗೆ ಗೆಟ್ ತೋರಾದ ಬಲದಿಂದಲೇ ಬೇಕು. ರಬ್ಬಿ ಮೋಶೆ ಫೈನ್‌ಸ್ಟೈನ್ (1895–1986) ಒಪ್ಪಲಿಲ್ಲ: ಶಾಸ್ತ್ರದ ಗೊಡವೆಯೇ ಇಲ್ಲದವರು ಕಿದ್ದುಶೀನ್ ಉದ್ದೇಶದಿಂದ ಕೂಡಿದರು ಅಂತ ನಾವು ಯಾಕೆ ಕಲ್ಪಿಸಿಕೊಳ್ಳಬೇಕು? ಆದರೂ ಅವರು ಹೇಳಿದ್ದು, ಗೆಟ್ ಸಿಗುವಂತಿದ್ದರೆ ತೆಗೆದುಕೊಳ್ಳಲಿ, ಗಂಡ ಸಿಗದೆಯೋ ಕೊಡದೆಯೋ ಹೆಣ್ಣು ಅಗುನಾ ಆಗಿ, ಅಂದರೆ ಸಂಕೋಲೆಗೆ ಬಿದ್ದವಳಾಗಿ, ಕೂರುವ ಪರಿಸ್ಥಿತಿ ಬಂದರೆ ಗೆಟ್ ಇಲ್ಲದೆಯೂ ಮದುವೆಯಾಗಲು ಬಿಡಬಹುದು ಎಂದು. ನಾನು ಕಂಡ ಬೆತ್ ದಿನ್‌ಗಳೆಲ್ಲ, ಅಂದರೆ ಧರ್ಮನ್ಯಾಯಪೀಠಗಳೆಲ್ಲ, ಹೆಚ್ಚುಕಡಿಮೆ ಈ ದಾರಿಯಲ್ಲೇ ನಡೆಯುತ್ತವೆ. ಹೆಂಕಿನ್ ಅವರ ಮಾತಿಗೆ ಹೆದರಿ ಗೆಟ್ ಕೇಳುತ್ತಾರೆ, ಕಷ್ಟ ಬಂದಾಗ ಫೈನ್‌ಸ್ಟೈನ್ ಅವರ ಮಾತಿಗೆ ಆತುಕೊಳ್ಳುತ್ತಾರೆ.

ಹಾಗಾಗಿ ನೀವು ಬರೆದುಕೊಳ್ಳಬೇಕಾದದ್ದು: ಎಷ್ಟು ವರ್ಷ ಒಟ್ಟಿಗಿದ್ದರು, ಆ ಕಾಲದಲ್ಲಿ ಮನೆಯಲ್ಲಿ ಸಬ್ಬತ್ ಇತ್ತೇ, ಕೋಶರ್ (ಆಹಾರ ನಿಯಮಕ್ಕೆ ತಕ್ಕ) ಅಡುಗೆ ಇತ್ತೇ, ಹೆಂಡತಿ ಮಿಕ್ವೆಗೆ, ಅಂದರೆ ಶುದ್ಧಿಸ್ನಾನದ ಕೊಳಕ್ಕೆ, ಹೋಗುತ್ತಿದ್ದರೇ, ಸಿನಗಾಗ್‌ನಲ್ಲಿ ದಂಪತಿ ಎಂದೇ ಗುರುತಿದ್ದರೇ. ಆಚರಣೆ ಹೆಚ್ಚಿದ್ದಷ್ಟೂ "ಹಾದರವಾಗಲು ಬಿಡುವುದಿಲ್ಲ" ಅನ್ನುವ ಭಾವನೆ ಗಟ್ಟಿಯಾಗುತ್ತದೆ. ಎಲ್ಲಿ ಮದುವೆಯಾದರು ಅನ್ನುವುದೂ ಮುಖ್ಯ. ರಬ್ಬಿ ಬೀದಿಗೊಬ್ಬರು ಸಿಗುವ ಬ್ರೂಕ್ಲಿನ್‌ನಲ್ಲಿ ಬೇಕೆಂದೇ ಸಿಟಿ ಹಾಲ್‌ಗೆ ಹೋದವನಿಗೂ, ಧಾರ್ಮಿಕ ಮದುವೆ ಮಾಡಿಕೊಂಡರೆ ಕೆಲಸ ಹೋಗುವ ಭಯವಿದ್ದ ಸೋವಿಯತ್ ಊರಿನಲ್ಲಿ ನೋಂದಣಿ ಕಚೇರಿ ಬಿಟ್ಟರೆ ಬೇರೆ ದಾರಿಯಿಲ್ಲದವನಿಗೂ ವ್ಯತ್ಯಾಸವಿದೆ. ಮೊದಲನೆಯವನು ಬಾಗಿಲು ತೆರೆದಿದ್ದರೂ ಒಳಗೆ ಹೋಗಲಿಲ್ಲ. ಎರಡನೆಯವನಿಗೆ ಬಾಗಿಲೇ ಇರಲಿಲ್ಲ.

"ಇರಲಿ, ಸುಮ್ಮನೆ ಒಂದು ಗೆಟ್ ತಗೊಂಡುಬಿಡೋಣ" ಅನ್ನುವ ಮುನ್ನ

ಮೊದಲ ತಪ್ಪಿನ ನಂತರ ನಾನು ಇನ್ನೊಂದು ತುದಿಗೆ ಹೋಗಿದ್ದೆ. ಕೇಳಿದವರಿಗೆಲ್ಲ "ತಗೊಳ್ಳಿ, ನಷ್ಟವೇನು?" ಅನ್ನುತ್ತಿದ್ದೆ. ಒಬ್ಬ ದಯ್ಯಾನ್ (ಧರ್ಮನ್ಯಾಯಾಧೀಶರು) ಫೋನಿನಲ್ಲಿ ನನ್ನನ್ನು ತಡೆದು "ಆಕೆ ಮುಂದೆ ಮದುವೆಯಾಗಲಿರುವವನು ಕೊಹೇನ್ ಅಲ್ಲ ತಾನೇ?" ಅಂದರು. ಪುರೋಹಿತ ವಂಶದ ಕೊಹೇನ್ ವಿಚ್ಛೇದಿತೆಯನ್ನು ಮದುವೆಯಾಗುವಂತಿಲ್ಲ, ಅದು ತೋರಾದ ಯಾಜಕಕಾಂಡದ ಮಾತು. ಶಾಸ್ತ್ರದಲ್ಲಿ "ರೆಯಾಖ್ ಹಗೆಟ್", ಗೆಟ್‌ನ ವಾಸನೆ, ಅನ್ನುವ ಮಾತೇ ಇದೆ. ನಿಜಕ್ಕೂ ಬಿಡುಗಡೆಯಾಗದಿದ್ದರೂ ಗೆಟ್‌ನ ಸೋಂಕು ತಗುಲಿದ್ದಕ್ಕೇ ಕೊಹೇನ್‌ಗೆ ನಿಷಿದ್ಧವಾಗುವ ಸಂದರ್ಭಗಳಿವೆ. ಎಚ್ಚರಿಕೆಗೆಂದು ತೆಗೆದುಕೊಂಡ ಕಾಗದವೇ ಆಮೇಲೆ ಅಡ್ಡಗಾಲು ಹಾಕಬಹುದು. ಅವತ್ತಿನಿಂದ ನನ್ನ ಪ್ರಶ್ನೆಪತ್ರಿಕೆಯ ಮೇಲ್ಭಾಗದಲ್ಲೇ ಕೆಂಪು ಶಾಯಿಯಲ್ಲಿ ಒಂದು ಸಾಲು: ಕೊಹೇನ್ ಯಾರಾದರೂ ಈ ಕಥೆಯಲ್ಲಿದ್ದಾರೆಯೇ?

ಯಾರನ್ನು ಕೇಳುವುದು, ಯಾವಾಗ

ಪರಿಚಯದ ರಬ್ಬಿಯೊಬ್ಬರ ವಾಟ್ಸಾಪ್ ಉತ್ತರ ಸಾಲದು. ಮೂವರು ದಯ್ಯಾನ್‌ಗಳಿರುವ ಬೆತ್ ದಿನ್ ಒಂದಕ್ಕೆ ಹೋಗಿ. ಅವರ ಕಾಗದವನ್ನು ಮುಂದೆ ಯಾರು ಒಪ್ಪಬೇಕು ಅನ್ನುವುದನ್ನು ಮೊದಲೇ ಯೋಚಿಸಿ. ಇಸ್ರೇಲ್‌ನಲ್ಲಿ ಮರುಮದುವೆಯಾಗುವ ಸಾಧ್ಯತೆ ಇದ್ದರೆ, ಹೊರದೇಶದ ಯಾವ ಬೆತ್ ದಿನ್‌ಗಳನ್ನು ತಾನು ಮಾನ್ಯ ಮಾಡುತ್ತೇನೆ ಅನ್ನುವ ಪಟ್ಟಿಯನ್ನು ಅಲ್ಲಿನ ಮುಖ್ಯ ರಬ್ಬಿನೇಟ್ ಇಟ್ಟುಕೊಂಡಿದೆ, ಅದನ್ನು ನೋಡಿಕೊಳ್ಳಿ. ರಿಫಾರ್ಮ್, ಅಂದರೆ ಸುಧಾರಣಾವಾದಿ, ಪಂಥದವರಿಗೆ ಈ ತಲೆನೋವಿಲ್ಲ: 1869ರ ಫಿಲಡೆಲ್ಫಿಯಾ ಸಮಾವೇಶದಿಂದಲೇ ಅಮೆರಿಕದ ರಿಫಾರ್ಮ್ ರಬ್ಬಿಗಳು ನ್ಯಾಯಾಲಯದ ವಿಚ್ಛೇದನವನ್ನು ಸಾಕು ಅಂದುಕೊಂಡಿದ್ದಾರೆ. ಆದರೆ ರಿಫಾರ್ಮ್ ಹೆಣ್ಣು ನಾಳೆ ಆರ್ಥೊಡಾಕ್ಸ್ ಹುಡುಗನನ್ನು ಮೆಚ್ಚಿದರೆ ಲೆಕ್ಕ ಮತ್ತೆ ಮೊದಲಿನಿಂದ.

ಯಾವಾಗ ಅಂದರೆ, ಸಿವಿಲ್ ಡೈವೋರ್ಸ್ ಇನ್ನೂ ನಡೆಯುತ್ತಿರುವಾಗಲೇ. ನ್ಯೂಯಾರ್ಕ್‌ನಲ್ಲಿ 1983ರಿಂದ ಒಂದು ಕಾನೂನಿದೆ, ಜನ ಅದನ್ನು ಗೆಟ್ ಕಾನೂನು ಅಂತಲೇ ಕರೆಯುತ್ತಾರೆ. ಡೈವೋರ್ಸ್ ಕೇಳಿ ಬಂದವರು, ಎದುರಿನವರ ಮರುಮದುವೆಗೆ ತಮ್ಮಿಂದಿರುವ ಅಡ್ಡಿಯನ್ನೆಲ್ಲ ತೆಗೆದಿದ್ದೇನೆ ಅಂತ ಪ್ರಮಾಣ ಮಾಡಬೇಕು. ಈ ಕಾನೂನಿದೆ ಅಂತ ನೆಮ್ಮದಿಯಾಗಿರಬೇಡಿ. ಅದು ಸಲ್ಲುವುದು ಧರ್ಮಗುರುಗಳಂಥವರು ನಡೆಸಿಕೊಟ್ಟ ಮದುವೆಗಳಿಗೆ, ಸಿಟಿ ಕ್ಲರ್ಕ್ ಮಾಡಿಸಿದ್ದಕ್ಕೆ ಅಲ್ಲ. ನಮ್ಮ ಕಚೇರಿಯ ಹಿರಿಯ ವಕೀಲರು ಪುಸ್ತಕ ತೆರೆದು ಆ ಪರಿಚ್ಛೇದದ ಮೊದಲ ವಾಕ್ಯದ ಮೇಲೆ ಬೆರಳಿಟ್ಟು ತೋರಿಸಿದಾಗ ನಾನು ತಲೆ ಎತ್ತಲಿಲ್ಲ. ಕಾನೂನಿನ ಆಸರೆಯೇ ಇಲ್ಲದ ಹೆಂಗಸಿಗೆ ನಾನು "ಬೇಡ" ಅಂದು ಕಳಿಸಿದ್ದೆ. ಈಗ ನಾವು ಇಂಥ ಪ್ರಕರಣಗಳಲ್ಲಿ ರಾಜಿ ಒಪ್ಪಂದದೊಳಗೇ "ಇಂತಿಷ್ಟು ದಿನದೊಳಗೆ ಇಬ್ಬರೂ ಬೆತ್ ದಿನ್ ಮುಂದೆ ಹಾಜರಾಗುತ್ತಾರೆ" ಅಂತ ಒಂದು ಕಲಮು ಸೇರಿಸುತ್ತೇವೆ. ಹಣದ ಮಾತು ಮುಗಿಯದಿರುವವರೆಗೆ ಎಲ್ಲರೂ ಸಹಿ ಹಾಕುವ ಮನಸ್ಸಿನಲ್ಲಿರುತ್ತಾರೆ.

ಇಸ್ರೇಲ್‌ನಲ್ಲಿ ಆಟವೇ ಬೇರೆ

ಅಲ್ಲಿ ಸಿವಿಲ್ ಮದುವೆಯೇ ಇಲ್ಲ. 1953ರ ಕಾನೂನಿನ ಪ್ರಕಾರ ಯೆಹೂದಿಗಳ ಮದುವೆ-ವಿಚ್ಛೇದನ ರಬ್ಬಿಗಳ ನ್ಯಾಯಾಲಯದ ಕೈಯಲ್ಲಿದೆ. ಬೇಡ ಅನ್ನುವವರು ಸೈಪ್ರಸ್‌ಗೆ ಹೋಗಿ ಮದುವೆಯಾಗಿ ಬರುತ್ತಾರೆ. 1963ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಅಧಿಕಾರಿಗಳು ಅಂಥ ಮದುವೆಯನ್ನು ನೋಂದಾಯಿಸಲೇಬೇಕು. ಈಚೆಗೆ ಅಮೆರಿಕದ ಯೂಟಾ ರಾಜ್ಯದ ಮೂಲಕ ವಿಡಿಯೋ ಕರೆಯಲ್ಲೇ ಮದುವೆಯಾಗುವ ದಾರಿ ಹುಟ್ಟಿಕೊಂಡಿದ್ದು, 2023ರಲ್ಲಿ ಅದನ್ನೂ ನೋಂದಾಯಿಸಿ ಅಂತ ಕೋರ್ಟ್ ಹೇಳಿತು.

ತಮಾಷೆ ಇರುವುದು ಬಿಡುಗಡೆಯಲ್ಲಿ. ರಬ್ಬಿನೇಟ್ ತಪ್ಪಿಸಲು ಸೈಪ್ರಸ್‌ಗೆ ಹಾರಿದ ಯೆಹೂದಿ ಜೋಡಿ ಬೇರೆಯಾಗಬೇಕಾದರೆ ಅದೇ ರಬ್ಬಿಗಳ ನ್ಯಾಯಾಲಯದ ಬಾಗಿಲಿಗೇ ಬರಬೇಕು. ಅಂಥದೊಂದು ಪ್ರಕರಣದಲ್ಲಿ ರಬ್ಬಿಗಳ ಮೇಲ್ಮನವಿ ನ್ಯಾಯಾಲಯ ಒಂದು ಹೊಸ ಗೆರೆ ಎಳೆಯಿತು: ಇದು ಮೋಶೆಯ ಕಟ್ಟಳೆಯ ಮದುವೆಯಲ್ಲ, ಆದರೆ ಶೂನ್ಯವೂ ಅಲ್ಲ. ನೋಹನ ಮಕ್ಕಳ, ಅಂದರೆ ಇಡೀ ಮನುಕುಲಕ್ಕೆ ಸಲ್ಲುವ ಬಗೆಯ ಮದುವೆ. ಇದನ್ನು ಗೆಟ್ ಇಲ್ಲದೆಯೂ ತೀರ್ಪಿನಿಂದ ಬಿಡಿಸಬಹುದು. 2006ರಲ್ಲಿ ಸುಪ್ರೀಂ ಕೋರ್ಟ್ ಆ ಅಧಿಕಾರವನ್ನು ಎತ್ತಿಹಿಡಿಯಿತು. ಹಾಗಂತ ಗೆಟ್ ಕೈಬಿಟ್ಟಿದ್ದಾರೆ ಅಂದುಕೊಳ್ಳಬೇಡಿ, ಗಂಡ ಎದುರಿಗಿದ್ದರೆ ಎಚ್ಚರಿಕೆಗೆ ಅಂತ ಕೊಡಿಸಲು ನೋಡುತ್ತಾರೆ.

ಬೇರೆಯಾಗುವ ಮಾತೇ ಇಲ್ಲದೆ, ಸಿವಿಲ್ ಮದುವೆಯಾಗಿ ಸುಖವಾಗಿದ್ದು ಈಗ ಆಚರಣೆಯತ್ತ ವಾಲಿದವರಿಗೆ ಕೆಲಸ ಸುಲಭ. ಒಬ್ಬ ರಬ್ಬಿ, ಇಬ್ಬರು ಸಾಕ್ಷಿಗಳು, ಒಂದು ಕೆತುಬಾ (ಮದುವೆಯ ಕರಾರುಪತ್ರ), ಹೆಣ್ಣಿಗೆ ಗಂಡು ತನ್ನದೇ ಸ್ವತ್ತಾದ ಒಂದು ಉಂಗುರ ಕೊಡಬೇಕು. ಸದ್ದುಗದ್ದಲ ಬೇಕಿಲ್ಲ.

ಗೆಟ್ ಹೇಗಿರುತ್ತದೆ

ನನ್ನ ಮೊದಲ ಕಕ್ಷಿದಾರೆಯ ಗಂಡನನ್ನು ಕೊನೆಗೂ ಬೆಲ್ಜಿಯಂನ ರಬ್ಬಿಗಳು ಪತ್ತೆ ಮಾಡಿದರು. ಜಗಳಗಂಟನೇನಲ್ಲ, ವಿಷಯವೇ ಗೊತ್ತಿರಲಿಲ್ಲ. ಅಲ್ಲೇ ಕೂತು ಗೆಟ್ ಬರೆಸಿ ದೂತನ ಕೈಲಿ ಕಳಿಸಿದ. ಬ್ರೂಕ್ಲಿನ್‌ನ ಬೆತ್ ದಿನ್‌ನಲ್ಲಿ ನನಗೆ ಹಿಂದಿನ ಗೋಡೆಯ ಪಕ್ಕ ಒಂದು ಕುರ್ಚಿ ಕೊಟ್ಟರು.

ಹನ್ನೆರಡು ಸಾಲು, ಕೈಬರಹ. ಅಚ್ಚು ಹಾಕಿದ ನಮೂನೆಯಲ್ಲಿ ಹೆಸರು ತುಂಬಿಸುವಂತಿಲ್ಲ, ಈ ಹೆಣ್ಣಿಗಾಗಿಯೇ ಮೊದಲ ಅಕ್ಷರದಿಂದ ಬರೆದಿರಬೇಕು. ಇಬ್ಬರ ಹೆಸರು, ಅಪ್ಪಂದಿರ ಹೆಸರು, ಮನೆಯಲ್ಲಿ ಕರೆಯುವ ಹೆಸರು ಕೂಡ ತಪ್ಪಿಲ್ಲದೆ ಇರಬೇಕು. ಅದಕ್ಕೇ ಹೇಳುವುದು, ಹೋಗುವಾಗ ಅಡ್ಡಹೆಸರುಗಳ ಪಟ್ಟಿಯನ್ನೂ ಒಯ್ಯಿರಿ. ಬರೆದ ಊರು ಯಾವ ನೀರಿನ ದಡದಲ್ಲಿದೆ ಅನ್ನುವುದೂ ಅದರಲ್ಲಿತ್ತು. ದೂತ ಎದ್ದು ನಿಂತು "ನನ್ನ ಎದುರಿಗೇ ಬರೆದದ್ದು, ನನ್ನ ಎದುರಿಗೇ ಸಹಿ ಹಾಕಿದ್ದು" ಅಂದ. ಗಿಟ್ಟೀನ್ ಮಿಶ್ನಾದ ಮೊಟ್ಟಮೊದಲ ಸಾಲು ಕಡಲಾಚೆಯಿಂದ ಗೆಟ್ ತಂದವನ ಬಾಯಲ್ಲಿ ಹೇಳಿಸುವುದು ಇದನ್ನೇ. ಆಕೆ ಉಂಗುರ ಬಳೆ ತೆಗೆದು, ಎರಡೂ ಅಂಗೈ ಜೋಡಿಸಿ ಬೊಗಸೆ ಮಾಡಿ ಹಿಡಿದರು. ಮಡಿಸಿದ ಕಾಗದ ಬೊಗಸೆಗೆ ಬಿತ್ತು. ಅದನ್ನು ಹಿಡಿದು ನಾಲ್ಕು ಹೆಜ್ಜೆ ಬಾಗಿಲ ಕಡೆ ನಡೆದು ಹಿಂದಿರುಗಿದರು. ದಯ್ಯಾನ್‌ಗಳು ಕಾಗದವನ್ನು ವಾಪಸ್ ಪಡೆದು ಮತ್ತೊಮ್ಮೆ ಓದಿ, ಮತ್ತೆ ಬಳಸದಂತೆ ಕತ್ತರಿಸಿ ಫೈಲಿಗೆ ಸೇರಿಸಿದರು. ಆಕೆಗೆ ಸಿಕ್ಕಿದ್ದು ಗೆಟ್ ಅಲ್ಲ, ಗೆಟ್ ಆಗಿದೆ ಅನ್ನುವ ಒಂದು ಪತ್ರ.

ಹೊರಗೆ ಬಂದು ಆಕೆ ಕೇಳಿದ್ದು ಮದುವೆಗೆ ಹಾಲ್ ಯಾವಾಗ ಬುಕ್ ಮಾಡಬಹುದು ಅಂತ. ಗೆಟ್ ಆದ ದಿನ, ಮರುಮದುವೆಯ ದಿನ ಎರಡನ್ನೂ ಬಿಟ್ಟು ನಡುವೆ ತೊಂಬತ್ತು ದಿನ ಕಾಯಬೇಕು, ಆ ಎರಡನ್ನೂ ಸೇರಿಸಿದರೆ 92. ಫೋನಿನ ಕ್ಯಾಲೆಂಡರ್ ತೆಗೆದು ಮೆಟ್ಟಿಲ ಮೇಲೆ ನಿಂತೇ ಎಣಿಸಿದೆ. ಆಮೇಲೆ, ಈ ಸಲ ತಪ್ಪಬಾರದು ಅಂತ, ಬೆರಳು ಮಡಿಸಿ ಇನ್ನೊಮ್ಮೆ ಎಣಿಸಿದೆ.